ಬಾಗಿಲಾಚೆ ಕೂತ ಬಾಣಂತಿ

ಬೆಂಗಳೂರಿನ ಅಮೃತಹಳ್ಳಿಯಿಂದ ಬಳ್ಳಾರಿ ರಸ್ತೆಗೆ ಬಂದು ಹೆಬ್ಬಾಳದ ಕಡೆ ಹೊರಟರೆ ದೊಡ್ಡ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಬದುಕುಳಿಯುವ ಭರವಸೆ ಇಂದು ಇರುವುದು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಂದ, ಅಂದರೆ ಎನ್‌ಐಸಿಯುಗಳಿಂದಲೇ. ಆದರೆ ನಮ್ಮ ಎಷ್ಟೋ ಎನ್‌ಐಸಿಯುಗಳಲ್ಲಿ ಬೇರೂರಿರುವ ಒಂದು ಪದ್ಧತಿಯನ್ನು ನಾನು ಒಪ್ಪಲಾರೆ. ಕೂಸು ಒಳಗೆ, ಬಾಣಂತಿ ಹೊರಗೆ. ಯಾಕೆಂದು ಕೇಳಿದರೆ, "ಇನ್ಫೆಕ್ಷನ್ ಆಗುತ್ತಮ್ಮ."

ನಂಜು ನಿಜಕ್ಕೂ ಎಲ್ಲಿಂದ ಬರುತ್ತದೆ? ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,530 ನವಜಾತ ಶಿಶುಗಳನ್ನು ಗಮನಿಸಿದ ಅಧ್ಯಯನವಿದೆ. ನಂಜೇರಿದ ಕೂಸುಗಳ ರಕ್ತದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಅಸಿನೆಟೊಬ್ಯಾಕ್ಟರ್‌ನಲ್ಲಿ ಶೇ. 82ರಷ್ಟು ಹಲವು ಬಗೆಯ ಆಂಟಿಬಯಾಟಿಕ್‌ಗಳಿಗೆ ಬಗ್ಗದವು. ಹುಟ್ಟಿದ ಮೂರು ದಿನದೊಳಗೆ ನಂಜೇರಿದ ಕೂಸುಗಳಲ್ಲೂ ಆಮೇಲೆ ನಂಜೇರಿದವುಗಳಲ್ಲೂ ಹೆಚ್ಚುಕಡಿಮೆ ಇವೇ ಸಿಕ್ಕವು. ಇವು ಸಿಂಕಿನ ಕೊಳವೆ, ವೆಂಟಿಲೇಟರ್ ಟ್ಯೂಬು, ಡ್ರಿಪ್ ಲೈನುಗಳಲ್ಲಿ ನೆಲೆಯೂರುವ ಜೀವಿಗಳು. ಕೂಸನ್ನು ಬೆಚ್ಚಗಿಡುವ ಒಂದು ವಾರ್ಮರ್‌ನಿಂದ ಇನ್ನೊಂದಕ್ಕೆ ಹೋಗುವುದು ಕೈಗಳ ಮೂಲಕ. ಹ್ಯಾಂಡ್‌ರಬ್ ಹಚ್ಚಿ ಕೈ ಉಜ್ಜಲು 20-30 ಸೆಕೆಂಡು ಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಐದಾರು ಕೂಸು ನೋಡಬೇಕಾದರೆ ಆ ಸೆಕೆಂಡುಗಳೇ ಮೊದಲು ಖೋತಾ. ತಪ್ಪು ಆ ಸಿಸ್ಟರ್‌ದಲ್ಲ, ಇನ್ನೊಬ್ಬರನ್ನು ನೇಮಿಸದ ಆಡಳಿತದ್ದು.

ಇನ್ನು ತಾಯಿ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 1.8 ಕೆಜಿಗಿಂತ ಕಡಿಮೆ ತೂಕದ ಕೂಸುಗಳನ್ನು ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಒರಗಿಸಲಾಯಿತು. ಅದಕ್ಕಾಗಿ ಎನ್‌ಐಸಿಯು ಒಳಗೇ ತಾಯಿಗೂ ಮಂಚ ಹಾಕಿದರು. ಮೊದಲ 28 ದಿನಗಳ ಸಾವು ಶೇ. 15.7ರಿಂದ 12ಕ್ಕೆ ಇಳಿಯಿತು. ನಂಜಿನ ಶಂಕೆಯ ಪ್ರಕರಣಗಳು ಹೆಚ್ಚಲಿಲ್ಲ, ಕಡಿಮೆಯಾದವು. ತಾಯಿಯ ಮೈಮೇಲಿನ ನಿರಪಾಯದ ಬ್ಯಾಕ್ಟೀರಿಯಾ, ಅವಳ ಹಾಲು, ಕೂಸನ್ನು ಮುಟ್ಟುವ ಪರಕೈಗಳು ಕಡಿಮೆಯಾದದ್ದು, ಇವೆಲ್ಲ ಕಾರಣವಿದ್ದಾವು.

ಜಾಗವಿಲ್ಲ ಎನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೆಗಡಿ, ಜ್ವರವಿರುವ ತಾಯಿ ಒಂದೆರಡು ದಿನ ದೂರವಿರಬೇಕಾದೀತು. ಆದರೆ ಕೂಸನ್ನು ಹೀಗೆ ತಾಯಿಯ ಎದೆಗೆ ಒರಗಿಸುವ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳ ನಿತ್ಯದ ಕೆಲಸವಾಗಿಸುವ ಪ್ರಯತ್ನ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ನಡೆದಿದೆ. ಅಲ್ಲಿಗಿಂತ ಹಣ, ಯಂತ್ರ, ತಜ್ಞರು ಹೆಚ್ಚಿರುವ ಬೆಂಗಳೂರಿನಲ್ಲಿ ಬಾಣಂತಿಗೆ ಒಂದು ಒರಗು ಕುರ್ಚಿ ಹಾಕಲಾಗದು ಎಂದರೆ ನಂಬುವುದು ಹೇಗೆ?

ಖಾಸಗಿ ಆಸ್ಪತ್ರೆಗಳು ದರಪಟ್ಟಿ ಪ್ರದರ್ಶಿಸಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಸಾವಿರ ಲೈನ್-ದಿನಗಳಿಗೆ (ಒಂದು ಕೂಸಿಗೆ ಲೈನ್ ಇದ್ದ ಒಂದು ದಿನ ಎಂದರೆ ಒಂದು ಲೈನ್-ದಿನ) ಎಷ್ಟು ಕೂಸುಗಳ ರಕ್ತಕ್ಕೆ ನಂಜೇರಿತು ಎಂಬ ಲೆಕ್ಕವನ್ನೂ, ಪ್ರತಿ ಪಾಳಿಯಲ್ಲಿ ಎಷ್ಟು ಕೂಸಿಗೆ ಒಬ್ಬ ಸಿಸ್ಟರ್ ಎಂಬುದನ್ನೂ ಅದೇ ಫಲಕದಲ್ಲಿ ಬರೆಯಲಿ.