ಬೀಜಕ್ಕೆ ಇರುವ ಗುರುತು ಎಣ್ಣೆಗೆ ಯಾಕಿಲ್ಲ?

ಹೂವಿನಹಡಗಲಿ ಇರಲಿ, ಹರಪನಹಳ್ಳಿ ಇರಲಿ, ಹತ್ತಿ ಬೀಜ ಕೊಳ್ಳುವ ರೈತನಿಗೆ ಪಾಕೀಟಿನ ಮೇಲೆಯೇ ‘ಬಿಟಿ’, ‘ಬಿಜಿ-2’ ಎಂದು ಕಾಣುತ್ತದೆ. ಬಿತ್ತುತ್ತಿರುವುದು ಕುಲಾಂತರಿ ಬೀಜವೆಂದು ಅವನಿಗೆ ಗೊತ್ತು. ಅದೇ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬೇರೆ, ಕಾಳು ಬೇರೆಯಾಗಿ, ಕಾಳಿನಿಂದ ತೆಗೆದ ಎಣ್ಣೆ ರಿಫೈನ್ ಆಗಿ ಕಿರಾಣಿ ಅಂಗಡಿ ಸೇರುವ ಹೊತ್ತಿಗೆ ಆ ಗುರುತು ಅಳಿಸಿಹೋಗಿರುತ್ತದೆ. ಬೆಳೆದವನಿಗೆ ತಿಳಿಸಿದ್ದನ್ನು ಉಣ್ಣುವವನಿಗೆ ತಿಳಿಸದ ವ್ಯವಸ್ಥೆ ಇದು.

ನಿಯಮ ಇಲ್ಲವೆಂದಲ್ಲ. ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಭಾಗದಲ್ಲಿ ‘ಜಿಎಂ’ ಎಂದು ಇಂಗ್ಲಿಷಿನಲ್ಲಿ ನಮೂದಿಸಬೇಕೆಂಬ ತೂಕ-ಅಳತೆ ಇಲಾಖೆಯ ತಿದ್ದುಪಡಿ 2013ರ ಜನವರಿ 1ರಿಂದಲೇ ಜಾರಿಗೆ ಬಂತು. ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಇಂದು ದೇಶದ ಹತ್ತಿಯ ಬಹುಪಾಲು ಅದೇ. ಹಾಗಿದ್ದೂ ಹತ್ತಿಕಾಳಿನ ಎಣ್ಣೆ ಬೆರೆಸಿದ ಕುರುಕಲು ತಿಂಡಿಯ ಪಾಕೀಟಿನಲ್ಲಿ ಆ ಎರಡಕ್ಷರ ಎಷ್ಟು ಜನ ನೋಡಿದ್ದಾರೆ? 1993ರಲ್ಲಿ ನಮ್ಮದೇ ಬಳ್ಳಾರಿಯಲ್ಲಿ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೀಜ ಘಟಕದ ಮೇಲೆ ರೈತ ಸಂಘ ಮುಗಿಬಿದ್ದಿತ್ತು. ಬೀಜದ ಬಗ್ಗೆ ಎದ್ದ ಆ ದನಿ ಎಣ್ಣೆಯ ವಿಷಯಕ್ಕೆ ಬಂದಾಗ ಏಳಲೇ ಇಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರಿನಲ್ಲಿ ಹೊರಡಿಸಿದ ಕರಡು ಇನ್ನೊಂದು ದಾರಿ ಹಿಡಿಯಿತು: ಕುಲಾಂತರಿ ಅಂಶ ಶೇ 1 ಅಥವಾ ಹೆಚ್ಚಿದ್ದರೆ ಲೇಬಲ್. ನನ್ನ ದೊಡ್ಡ ತಕರಾರು ಇಲ್ಲಿದೆ. ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನಾಗಲಿ ಡಿಎನ್‌ಎ ಆಗಲಿ ಹೆಚ್ಚುಕಡಿಮೆ ಉಳಿಯುವುದಿಲ್ಲ. ಆ ಶೇ 1 ಅನ್ನು ಪ್ರಯೋಗಾಲಯದಲ್ಲಿ ಹುಡುಕಿದರೆ, ನಮ್ಮ ಒಲೆಗೆ ನಿಜವಾಗಿ ಬರುವ ಕುಲಾಂತರಿ ಆಹಾರವೇ ಪರೀಕ್ಷೆಯಿಂದ ನುಣುಚಿಕೊಳ್ಳುತ್ತದೆ. ಅಮೆರಿಕದ ನಿಯಮ ಇಂಥ ಎಣ್ಣೆಯನ್ನು ಬಿಟ್ಟುಬಿಟ್ಟಿತು. ಯುರೋಪಿನ ಒಕ್ಕೂಟ ಮಾತ್ರ ಎಣ್ಣೆಯ ಮೂಲ ಯಾವ ಬೆಳೆ ಎಂದು ದಾಖಲೆಯಿಂದ ಹುಡುಕಿ, ಅಂಶ ಸಿಗಲಿ ಬಿಡಲಿ, ಬರೆಯಲೇಬೇಕೆಂದಿತು. ನಮಗೆ ಒಗ್ಗುವುದು ಈ ಎರಡನೆಯದು. ಮಿಲ್ಲಿಗೆ ಬಂದ ಕಾಳು ಎಂಥದ್ದೆಂದು ಹೇಳಲು ಯಂತ್ರ ಬೇಕಿಲ್ಲ, ಖರೀದಿ ಪುಸ್ತಕ ಸಾಕು.

ಲೇಬಲ್ ಹಾಕಿದರೆ ಜನ ಸುಮ್ಮನೆ ಹೆದರುತ್ತಾರೆ ಎನ್ನುವವರಿದ್ದಾರೆ. ಹತ್ತಿಕಾಳಿನ ಎಣ್ಣೆ ವಿಷ ಎಂದು ನಾನೂ ಹೇಳುತ್ತಿಲ್ಲ. ಆದರೆ ಪಾಕೀಟಿನ ಹಸಿರು ಚುಕ್ಕಿ ರೋಗದ ಎಚ್ಚರಿಕೆಯೇನಲ್ಲವಲ್ಲ. ತನ್ನ ತಟ್ಟೆಗೆ ಏನು ಬೀಳಬೇಕೆಂದು ತಾನೇ ತೀರ್ಮಾನಿಸುವವರಿಗಾಗಿ ಅದು ಇದೆ. ಕೂಡ್ಲಿಗಿಯ ಅಜ್ಜಿಗೂ ಆ ಚುಕ್ಕಿ ಅರ್ಥವಾಗುತ್ತದೆ, ಇಂಗ್ಲಿಷಿನ ಎರಡಕ್ಷರ ಆಗುವುದಿಲ್ಲ. ಲೇಬಲಿನ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಐಚ್ಛಿಕ ಎನ್ನುವ ನಿಯಮ ಇರುವವರೆಗೂ ಅಕ್ಷರ ಬೇಡದ ಗುರುತೇ ಬೇಕು.

2024ರ ಜುಲೈ 23ರಂದು ಕುಲಾಂತರಿ ಸಾಸಿವೆಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಸಂಜಯ್ ಕರೋಲ್ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ, ಭಿನ್ನ ತೀರ್ಪು ಕೊಟ್ಟರು. ಆದರೆ ಆಮದಾಗುವ ಕುಲಾಂತರಿ ಖಾದ್ಯತೈಲಕ್ಕೆ ಲೇಬಲಿನ ಕಾನೂನು ಪಾಲಿಸಬೇಕೆಂಬ ಸೂಚನೆಯೂ ಅಲ್ಲಿಂದ ಬಂತು. ಹೊರಗಿನಿಂದ ಬರುವ ಎಣ್ಣೆಗೆ ಸಲ್ಲುವ ಮಾತು ಒಳಗಿನ ಎಣ್ಣೆಗೂ ಸಲ್ಲಬೇಕು.

ಪೊಟ್ಟಣಕ್ಕಷ್ಟೇ ಗುರುತು ಹಾಕಿದರೂ ಸಾಲದು. ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಲ್ಲಿ ಗಿರಾಕಿಯ ಕೈಗೆ ಬರುವುದು ಕಾಗದದಲ್ಲಿಟ್ಟ ಬಿಸಿ ಮೆಣಸಿನಕಾಯಿ, ಪಾಕೀಟು ಅಲ್ಲಿಲ್ಲ. ಎಣ್ಣೆ ಇರುವುದು ಬಾಣಲೆಯ ಪಕ್ಕದ 15 ಕಿಲೋ ಡಬ್ಬಿಯಲ್ಲಿ. ಗುರುತು ಮೊದಲು ಬೀಳಬೇಕಾದ್ದು ಆ ಡಬ್ಬಿಯ ಮೇಲೆ, ಕರಿಯುವವನಿಗೂ ಕಾಣುವಂತೆ, ಕೇಳಿದ ಗಿರಾಕಿಗೆ ಅವನು ತೋರಿಸುವಂತೆ.