ಚಂದ್ರು ಯಾಕೆ ಸುಮ್ಮನಿದ್ದ?

ಸುಧಾ ಮೂರ್ತಿಯವರ ‘ಡಾಲರ್ ಸೊಸೆ’ಯನ್ನು ನಾನು ಮೊದಲು ಓದಿದ್ದು ಹುಬ್ಬಳ್ಳಿಯಲ್ಲಿ ಬಿ.ಇ. ಮಾಡುವಾಗ, ಹಾಸ್ಟೆಲ್ ಖೋಲಿಯಲ್ಲಿ, ಒಂದೇ ರಾತ್ರಿಗೆ. ಅವರು ಹುಟ್ಟಿದ್ದು ಶಿಗ್ಗಾಂವಿಯಲ್ಲಿ, ಇಂಜಿನಿಯರಿಂಗ್ ಓದಿದ್ದು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ. ನಮ್ಮ ಕಡೆಯವರು ಬರೆದದ್ದು ಎಂಬ ಹೆಮ್ಮೆ ಬೇರೆ. ಅವತ್ತು ನನಗೆ ಸಿಟ್ಟು ಬಂದದ್ದು ಅತ್ತೆ ಗೌರಮ್ಮನ ಮೇಲೆ. ಮೊನ್ನೆ ಊರಿಗೆ, ಅಂದರೆ ಕುಳಗೇರಿ ಕ್ರಾಸಿಗೆ ಹೋದಾಗ ಟ್ರಂಕಿನಲ್ಲಿ ಅದೇ ಪ್ರತಿ ಸಿಕ್ಕಿತು. ಮತ್ತೆ ಓದಿದೆ. ಈ ಸಲ ಸಿಟ್ಟು ಬಂದದ್ದು ಚಂದ್ರುವಿನ ಮೇಲೆ.

ಕಥೆ ಬಹಳ ಜನರಿಗೆ ಗೊತ್ತು. ಹಿರಿಮಗ ಚಂದ್ರು ಇಂಜಿನಿಯರು, ಅಮೆರಿಕಕ್ಕೆ ಹೋಗ್ತಾನೆ. ಕಿರಿಮಗ ಗಿರೀಶ ಬ್ಯಾಂಕಿನ ಗುಮಾಸ್ತ. ಮನೆಯಲ್ಲಿದ್ದು ಎಲ್ಲರನ್ನೂ ನೋಡಿಕೊಳ್ಳುವವಳು ಗಿರೀಶನ ಹೆಂಡತಿ ವಿನುತಾ. ಹೊಗಳಿಕೆಯೆಲ್ಲ ಅಮೆರಿಕದ ಸೊಸೆ ಜಮುನಾಗೆ. ಗೌರಮ್ಮ ಅಲ್ಲಿಗೆ ಹೋಗಿ ನೋಡಿದ ಮೇಲೆ ಕಣ್ಣು ತೆರೆಯುತ್ತದೆ.

ಗೌರಮ್ಮನ ಪಾತ್ರ ಸುಳ್ಳಲ್ಲ. ಡಾಲರನ್ನು ರೂಪಾಯಿಗೆ ಗುಣಿಸಿ ಮನುಷ್ಯರನ್ನು ಅಳೆಯುವ ತಾಯಂದಿರು ನಮ್ಮಲ್ಲಿ ಇದ್ದಾರೆ. ಭಾಷೆಯೂ ತಿಳಿ. ನಮ್ಮವ್ವನಂಥವರಿಗೆ ಓದಿ ಹೇಳಿದರೆ ಒಂದು ಶಬ್ದಕ್ಕೂ ನಿಲ್ಲಿಸಬೇಕಾಗಿಲ್ಲ. ಅದು ಸಣ್ಣ ಗುಣವಲ್ಲ. ಆದರೆ ತಪ್ಪಿನ ಲೆಕ್ಕವೆಲ್ಲ ಹೆಂಗಸರ ಖಾತೆಗೇ ಹೋಗಿದೆ. ಅತ್ತೆಗೆ ಆಸೆ, ಒಬ್ಬ ಸೊಸೆಗೆ ಸೊಕ್ಕು, ಇನ್ನೊಬ್ಬಳಿಗೆ ಸಹನೆ. ಡಾಲರ್ ದುಡಿದವನು ಯಾರು? ಚಂದ್ರು. ವಿನುತಾಳನ್ನು ಮೊದಲು ಕಂಡು ಮೆಚ್ಚಿದವನೂ ಅವನೇ. ಆ ಎಳೆಯನ್ನು ಬಿಚ್ಚಿದ್ದರೆ ಕಾದಂಬರಿ ಬೇರೆಯೇ ಆಗುತ್ತಿತ್ತು. ಬಾಯಿಬಿಟ್ಟು ಒಂದು ಮಾತು ಹೇಳದ ಅವನನ್ನು ಲೇಖಕಿ ಪಾಪದವನು ಅಂತ ಬಿಟ್ಟುಬಿಡುತ್ತಾರೆ.

ನನಗೆ ಚಂದ್ರು ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಊರಿಗೆ ಫ್ರಿಜ್ ಕೊಡಿಸಿದೆ. ಓಣಿಯ ಹೆಂಗಸರು ನೋಡಲು ಬಂದಿದ್ದರು. ಅವ್ವ ಬಾಗಿಲು ತೆಗೆದು ತೆಗೆದು ತೋರಿಸಿದಳು: “ನಮ್ಮ ಬೆಂಗಳೂರ ಮಗಾ ಕೊಡಿಸ್ಯಾನ. ಇಲ್ಲಿದ್ದವ್ರ್ ಕೈಲೇ ಏನ್ ಆಕ್ಕೈತಿ?” ಇಲ್ಲಿದ್ದವರು ಅಂದರೆ ನನ್ನ ತಮ್ಮ, ತಮ್ಮನ ಹೆಂಡತಿ. ಆಕೆ ಅಲ್ಲೇ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವ್ವನ ಸಕ್ಕರೆ ಕಾಯಿಲೆಗೆ ತಿಂಗಳಿಗೊಮ್ಮೆ ಬಾದಾಮಿ ಬಸ್ಸು ಹತ್ತಿಸಿ ಡಾಕ್ಟರಿಗೆ ತೋರಿಸಿಕೊಂಡು ಬರುವವಳೂ ಆಕೆಯೇ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಮೊಬೈಲ್ ನೋಡಿದೆ. ಖರೇ ಹೇಳಬೇಕಂದರೆ, ಅವ್ವನ ಮಾತು ಕೇಳಿ ಒಳಗೊಳಗೇ ಖುಷಿಯಾಗಿತ್ತು. ಫ್ರಿಜ್ ಕಂತಿನ ಮೇಲೆ ತಂದದ್ದು ಅಂತಲೂ ಹೇಳಲಿಲ್ಲ.

ಈ ಖುಷಿ ಕಾದಂಬರಿಯಲ್ಲಿಲ್ಲ. ಹೊಗಳಿಸಿಕೊಳ್ಳುವ ಮಗನಿಗೆ ಅದು ಬೇಕಾಗಿರುತ್ತದೆ, ಅದಕ್ಕೇ ಸುಮ್ಮನಿರುತ್ತಾನೆ. ಇಷ್ಟು ಬರೆದಿದ್ದರೆ ಜಮುನಾಳನ್ನು ಅಷ್ಟು ಕೆಟ್ಟವಳನ್ನಾಗಿ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಪುಸ್ತಕವನ್ನು ಊರಲ್ಲೇ ಬಿಟ್ಟುಬರೋಣ ಅಂತ ಕಟ್ಟೆ ಮೇಲಿಟ್ಟಿದ್ದೆ. ತಮ್ಮನ ಹೆಂಡತಿ ಎರಡು ಮಧ್ಯಾಹ್ನದಲ್ಲಿ ಓದಿ ಮುಗಿಸಿದಳು. ನನ್ನ ಎದುರು ನಿಂತು ಮಾತಾಡುವವಳಲ್ಲ. ಅಡುಗೆಮನೆಯಿಂದಲೇ ಕೇಳಿದಳು:

“ಭಾವಾರ, ಈ ವಿನುತಾಗ ಒಮ್ಮೆರ ಸಿಟ್ಟು ಬರಂಗಿಲ್ಲೇನ್ರಿ?”