ಚೀಟಿ ಬರೆದ ಬಡಾವಣೆಯ ವೈದ್ಯರು

1996ರಲ್ಲಿ ಎರಡು ಮಾತ್ರೆಗಳು ಪೇಟೆಗಿಳಿದವು. ಅಮೆರಿಕದಲ್ಲಿ ನೋವಿಗೆಂದು ಆಕ್ಸಿಕಾಂಟಿನ್. ಫ್ರಾನ್ಸಿನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದವರಿಗೆಂದು ಸುಬುಟೆಕ್ಸ್ ಹೆಸರಿನ ಬ್ಯೂಪ್ರೆನಾರ್ಫಿನ್. ಎರಡನ್ನೂ ಸಾಮಾನ್ಯ ವೈದ್ಯರೇ ಬರೆದುಕೊಡಬಹುದಿತ್ತು. ಮೊದಲನೆಯದು ಲಕ್ಷಾಂತರ ಮನೆಗಳಿಗೆ ಚಟ ತಂದಿತು. ಎರಡನೆಯದು ಬಂದ ಮೇಲೆ, 1999ರ ಹೊತ್ತಿಗೆ, ಫ್ರಾನ್ಸಿನಲ್ಲಿ ಮಿತಿಮೀರಿದ ಸೇವನೆಯ ಸಾವುಗಳು ಸುಮಾರು ಶೇ 79ರಷ್ಟು ಇಳಿದಿದ್ದವು.

ಬ್ಯೂಪ್ರೆನಾರ್ಫಿನ್ ಕೂಡ ಅಫೀಮಿನ ಬಳಗದ್ದೇ. ನಾಲಿಗೆಯಡಿ ಕರಗುವ ಈ ಮಾತ್ರೆ ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಗಟ್ಟಿಯಾಗಿ ಕೂತು, ಚಟ ಬಿಟ್ಟಾಗ ಬರುವ ಬೆವರು, ಮೈಕೈ ನೋವು, ತಹತಹ ತಡೆಯುತ್ತದೆ. ಪ್ರಮಾಣ ಏರಿಸಿದರೂ ಒಂದು ಹಂತದಾಚೆ ಪರಿಣಾಮ ಏರದು, ಹಾಗಾಗಿ ಉಸಿರು ನಿಲ್ಲುವ ಅಪಾಯ ಕಡಿಮೆ. ಚಟಕ್ಕೆ ಬದಲಿ ಚಟವೇ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಸಕ್ಕರೆ ಕಾಯಿಲೆಯವರು ದಿನಾ ಮಾತ್ರೆ ನುಂಗಿದರೆ ಇದೇ ಜನಕ್ಕೆ ಏನೂ ಅನ್ನಿಸುವುದಿಲ್ಲ.

ಫ್ರಾನ್ಸಿನ ನಿಜವಾದ ಜಾಣತನ ಕಾಣುವುದು ಮದ್ದು ಸಿಗುವ ಬಗೆಯಲ್ಲಿ. ವಿಶೇಷ ಪರವಾನಗಿ ಬೇಕಿರಲಿಲ್ಲ. ಬಡಾವಣೆಯ ವೈದ್ಯರ ಚೀಟಿ, ಬೀದಿಯ ಔಷಧ ಅಂಗಡಿ, ಖರ್ಚಿಗೆ ಆರೋಗ್ಯ ವಿಮೆ. ಅದೇ ಮದ್ದಿಗೆ 2002ರಲ್ಲಿ ಒಪ್ಪಿಗೆ ಕೊಟ್ಟ ಅಮೆರಿಕ, ವೈದ್ಯರಿಗೆ 8 ಗಂಟೆಯ ತರಬೇತಿ, ಪ್ರತ್ಯೇಕ ಅನುಮತಿ, ಆರಂಭದಲ್ಲಿ 30 ರೋಗಿಗಳ ಮಿತಿ ಹೇರಿತು. ಆಕ್ಸಿಕಾಂಟಿನ್ ಬರೆಯಲು ಆಗ ಇದ್ಯಾವುದೂ ಬೇಕಿರಲಿಲ್ಲ! ಚಟ ಹತ್ತಿಸುವುದಕ್ಕೆ ಹೆದ್ದಾರಿ, ಬಿಡಿಸುವುದಕ್ಕೆ ಚೆಕ್‌ಪೋಸ್ಟ್. ಆ ಕಟ್ಟಳೆ ರದ್ದಾದದ್ದು 2022ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅಲ್ಲಿ ಮಾದಕವಸ್ತು ಮಿತಿಮೀರಿ ಸಾಯುವವರ ಸಂಖ್ಯೆ ವರ್ಷಕ್ಕೆ ಲಕ್ಷ ದಾಟಿತ್ತು.

ಆದರೂ ಶೇ 79ನ್ನು ಪೂರ್ತಿ ಈ ಮಾತ್ರೆಯ ಲೆಕ್ಕಕ್ಕೆ ಬರೆಯುವುದು ಅತಿಯಾದೀತು. ಫ್ರಾನ್ಸಿನಲ್ಲಿ 1987ರಿಂದಲೇ ಸಿರಿಂಜು ಚೀಟಿಯಿಲ್ಲದೆ ಸಿಗುತ್ತಿತ್ತು. ಮೆಥಡೋನ್ ಚಿಕಿತ್ಸೆಯೂ ಅದೇ ವರ್ಷಗಳಲ್ಲಿ ಹಬ್ಬಿತು. ಸಡಿಲಿಕೆಗೆ ಬೆಲೆಯನ್ನೂ ತೆರಬೇಕಾಯಿತು. ಮಾತ್ರೆ ಪುಡಿಮಾಡಿ ಚುಚ್ಚಿಕೊಂಡವರಿದ್ದರು. ನಿದ್ರೆಗುಳಿಗೆಯ ಜಾತಿಯ ಮದ್ದುಗಳೊಡನೆ ಬೆರೆಸಿ ಸತ್ತವರಿದ್ದರು. ಕಳ್ಳಸಾಗಣೆಯ ಮಾಲು ಜಾರ್ಜಿಯಾ ದೇಶದವರೆಗೂ ಹೋಯಿತು. ಇದನ್ನು ಮುಚ್ಚಿಟ್ಟು ಫ್ರಾನ್ಸನ್ನು ಹೊಗಳುವ ಲೇಖನಗಳು ನನಗೆ ಹಿಡಿಸುವುದಿಲ್ಲ. ಆದರೂ ಲಾಭನಷ್ಟ ತೂಗಿದರೆ ತಕ್ಕಡಿ ವಾಲುವುದು ಸಡಿಲಿಕೆಯ ಕಡೆಗೇ.

ಭಾರತದಲ್ಲಿ ಈ ಮದ್ದು ಇಂದಿಗೂ ಮುಖ್ಯವಾಗಿ ವ್ಯಸನಮುಕ್ತಿ ಕೇಂದ್ರಗಳ ಹಿಡಿತದಲ್ಲಿದೆ. ಸೋರಿಕೆಯ ಭಯ ಸುಳ್ಳಲ್ಲ. ಅದಕ್ಕೆ ಫ್ರಾನ್ಸಿನ ಔಷಧ ಅಂಗಡಿಗಳಲ್ಲೇ ಒಂದು ಉಪಾಯವಿತ್ತು: ವೈದ್ಯರು ಚೀಟಿಯಲ್ಲಿ ಬರೆದರೆ, ಅಂಗಡಿಯವರು ದಿನದ ಮಾತ್ರೆಯನ್ನು ದಿನವೇ, ಕಣ್ಣೆದುರೇ ಕೊಡುತ್ತಿದ್ದರು.